ಕೋಕಾಕ್ಕೂ ಒಂದು ದರವುಂಟು

ಆರ್ದ್ರಾ ಕಳೆದು ಪುನರ್ವಸು ಮಳೆ ಹಿಡಿಯಿತೆಂದರೆ, ಶಿರಸಿಗೆ ಸಮೀಪದ ಇಸಳೂರಿನ ಕಡೆಯ ಅಡಿಕೆ ಬೆಳೆಗಾರನು ಬೆಳಗಿನ ಚಹಾಕ್ಕಿಂತ ಮೊದಲು ಮಾಡುವ ಕೆಲಸವೊಂದುಂಟು: ಕಂಬಳಿಕೊಪ್ಪೆಯನ್ನೋ ಪ್ಲಾಸ್ಟಿಕ್ಕಿನ ಹೊದಿಕೆಯನ್ನೋ ತಲೆಗೆ ಎಳೆದುಕೊಂಡು, ಸಂಕ ದಾಟಿ, ತೋಟಕ್ಕಿಳಿದು, ಮರಗಳ ಬುಡವನ್ನು ಒಂದೊಂದಾಗಿ ನೋಡಿಕೊಂಡು ಬರುವುದು. ವರ್ಷದ ಅನ್ನವೆಲ್ಲ ತಲೆಯ ಮೇಲೆ ಬಹು ಎತ್ತರದಲ್ಲಿ ಗೊಂಚಲುಗಟ್ಟಿ ತೂಗುತ್ತಿದ್ದರೂ ಆ ದಿನಗಳಲ್ಲಿ ಯಾರೂ ಕತ್ತೆತ್ತಿ ನೋಡುವುದಿಲ್ಲ. ಎಲ್ಲರ ಕಣ್ಣೂ ನೆಲದ ಮೇಲೆಯೇ. ರಾತ್ರಿಯ ಮಳೆಗೆ ಉದುರಿದ ಹಸಿಕಾಯಿಯೊಂದನ್ನು ಎತ್ತಿಕೊಂಡು, ತೊಟ್ಟಿನ ಬಳಿ ಹೆಬ್ಬೆರಳಾಡಿಸಿ, ಕಾಯಿಯ ಹೊಳಪು ಮಾಸಿ ಅಲ್ಲಿ ನೀರು ಕುಡಿದಂತಹ ಕಡುಹಸುರಿನ ಮಚ್ಚೆ ಮೂಡಿದೆಯೋ ಇಲ್ಲವೋ ಎಂದು ನೋಡುವ ಆ ಒಂದು ಕ್ಷಣದಲ್ಲಿ, ಮಗಳ ಮದುವೆ, ಸೊಸೈಟಿಯ ಸಾಲ, ಮನೆಯ ಹೆಂಚು, ಮಗನ ಕಾಲೇಜು ಇವೆಲ್ಲವೂ ಅವನ ಅಂಗೈಯಲ್ಲಿರುತ್ತವೆ. ಮಚ್ಚೆ ಕಂಡಿತೆಂದರೆ ಕೊಳೆರೋಗ ಬಂದಿತೆಂದೇ ಅರ್ಥ.

ಆದರೆ ಆತನು ಮನೆಗೆ ಬಂದು ಆ ಕಾಯಿಯನ್ನು ಬಚ್ಚಿಡುವುದಿಲ್ಲವೆಂಬುದನ್ನು ಗಮನಿಸಬೇಕು. ಅಂದೇ ಮಧ್ಯಾಹ್ನ ಪೇಟೆಗೆ ಹೋಗುವ ಬಸ್ಸಿನಲ್ಲಿ, ಹಾಲು ಹಾಕುವ ಕಡೆಯಲ್ಲಿ, ಊಟದ ಪಂಕ್ತಿಯಲ್ಲಿ, "ನಿಮ್ಮಲ್ಲಿ ಕೊಳೆ ಹ್ಯಾಂಗಿದ್ದು ಭಾವಾ?" ಎಂದು ಒಬ್ಬರು ಕೇಳುತ್ತಾರೆ, "ಇದ್ದು, ಕೆಳಗಿನ ತೋಟದಲ್ಲಿ ಜಾಸ್ತಿ" ಎಂದು ಇನ್ನೊಬ್ಬರು ಹೇಳುತ್ತಾರೆ. ಈ ಮಾತಿನಲ್ಲಿ ದುಃಖವುಂಟು, ಆತಂಕವುಂಟು. ನಾಚಿಕೆಯ ಲೇಶವೂ ಇಲ್ಲ. ಅದೇ ಬಸ್ಸಿನಲ್ಲಿ, ಅದೇ ಭಾವನ ಮಗನು ಪರೀಕ್ಷೆಯಲ್ಲಿ ನಪಾಸಾಗಿದ್ದರೆ ಮಾತು ಹೀಗೆ ಸಾಗುವುದಿಲ್ಲ. ಕೇಳುವವನು ಕೇಳುವುದಕ್ಕೆ ಹಿಂಜರಿಯುತ್ತಾನೆ, ಹೇಳಬೇಕಾದವನು ಕಿಟಕಿಯ ಆಚೆ ನೋಡುತ್ತಾನೆ. ಒಂದೇ ಮನೆಯ ಎರಡು ನಷ್ಟಗಳಲ್ಲಿ ಒಂದು ಊರಿನ ಮಾತಾಗಿ ಹಗುರಾಗುವುದು, ಮತ್ತೊಂದು ಮನೆಯ ಗುಟ್ಟಾಗಿ ಕೊಳೆಯುವುದು ಏತಕ್ಕೆ? ಸೋಲಿನ ಭಯವೆಂದು ನಾವು ಕರೆಯುವುದರಲ್ಲಿ ಸೋಲಿನ ಪಾಲೆಷ್ಟು, ಅದನ್ನು ಬಾಯಿಬಿಟ್ಟು ಹೇಳಬೇಕಾಗುವುದೆಂಬ ಭಯದ ಪಾಲೆಷ್ಟು? ಅಡಿಕೆಯ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಈ ಪ್ರಶ್ನೆಯ ಉತ್ತರವನ್ನು ತೋಟದಲ್ಲಿಯೇ ಹುಡುಕಬೇಕೆನಿಸಿದರೆ ಅದು ಸಹಜ.

ಹೆಸರಿಟ್ಟ ಮೇಲೆ

ಕೊಳೆಯ ವಿಷಯದಲ್ಲಿ ನಮ್ಮ ಹಿರಿಯರು ಇಂದಿನಷ್ಟು ನಿರ್ಭೀತರಾಗಿದ್ದಿರಲಾರರು. ಬೇನೆಗೆ ಕಾರಣ ತಿಳಿಯದ ಕಾಲದಲ್ಲಿ ಕಾರಣವನ್ನು ತನ್ನ ಕರ್ಮದಲ್ಲಿಯೋ ದೈವದ ಮುನಿಸಿನಲ್ಲಿಯೋ ಹುಡುಕುವುದು ಮನುಷ್ಯನ ಸ್ವಭಾವ. ಹಾಗಿದ್ದರೂ ಅವರು ಕೈಕಟ್ಟಿ ಕುಳಿತವರಲ್ಲ. ಮಳೆಯ ನೀರು ಗೊನೆಗೆ ತಾಗಿದರೆ ಕೇಡೆಂಬುದನ್ನು ಅನುಭವದಿಂದ ಕಂಡುಕೊಂಡು, ಮುಂಗಾರಿಗೆ ಮುಂಚೆಯೇ ಒಂದೊಂದು ಮರವನ್ನೂ ಹತ್ತಿ, ಒಂದೊಂದು ಗೊನೆಗೂ ಹೊದಿಕೆಯಾಗಿ ಕೊಟ್ಟೆ ಕಟ್ಟುತ್ತಿದ್ದರು. ಸಾವಿರ ಮರಗಳಿಗೆ ಸಾವಿರಾರು ಕೊಟ್ಟೆಗಳನ್ನು ಹೆಣೆದು, ಹೊತ್ತು, ಹತ್ತಿ, ಕಟ್ಟುವ ಆ ದುಡಿಮೆಯನ್ನು ನೆನೆದರೆ, ಭಯವು ಮನುಷ್ಯನನ್ನು ಕುಗ್ಗಿಸುವುದರ ಜೊತೆಗೆ ಎಷ್ಟು ದುಡಿಸಬಲ್ಲದೆಂಬುದೂ ತಿಳಿಯುತ್ತದೆ.

ಕಾರಣವನ್ನು ಹುಡುಕಿದವನು ದೂರದಿಂದ ಬಂದವನು. ಕೆನಡಾ ದೇಶದಲ್ಲಿ 1878ರಲ್ಲಿ ಹುಟ್ಟಿದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಯು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದಾಗ, ಘಟ್ಟದ ಮೇಲಿನ ಅಡಿಕೆ ತೋಟಗಳ ಈ ಬೇನೆಯು ಅವನ ಪಾಲಿಗೆ ಬಂದ ಮೊದಲ ಕೆಲಸಗಳಲ್ಲೊಂದಾಯಿತು. ನೀರಿನ ತೆಳುಪದರದಲ್ಲಿ ಈಜಾಡಿ ಕಾಯಿಯಿಂದ ಕಾಯಿಗೆ ಹಬ್ಬುವ ಬೀಜಾಣುಗಳುಳ್ಳ ಫೈಟೋಫ್ತೊರಾ ಎಂಬ ಶಿಲೀಂಧ್ರವೇ ಇದರ ಮೂಲವೆಂದು ತೋರಿಸಿ, 1910ರಲ್ಲಿ ಆತನು ಪ್ರಕಟಿಸಿದ ವರದಿಯ ಶೀರ್ಷಿಕೆಯಲ್ಲಿಯೂ ಕೊಳೆರೋಗವೆಂಬ ಕನ್ನಡದ ಮಾತೇ ಉಳಿಯಿತು. ಕಾಫಿಗಿಡದ ಕೊಳೆಗೆ ಕಾರಣವಾದ ಬೇರೊಂದು ಶಿಲೀಂಧ್ರಕ್ಕಂತೂ ಅದಕ್ಕೂ ಮೊದಲೇ, 1876ರಲ್ಲಿ, ವಿಜ್ಞಾನಿಗಳು ಇಟ್ಟ ಹೆಸರಿನಲ್ಲಿಯೇ ಈ ನಮ್ಮ ಮಾತು ಸೇರಿಹೋಗಿತ್ತು. ನಮ್ಮ ತೋಟಗಳ ಸಂಕಟದ ಹೆಸರೊಂದು ಲೋಕದ ಪುಸ್ತಕಗಳನ್ನು ಸೇರಿದುದು ಹೆಮ್ಮೆಯೋ ದುಃಖವೋ ಹೇಳಲಾರೆ.

ಕೋಲ್ಮನ್ನನು ಸೂಚಿಸಿದ ಔಷಧವು ಫ್ರಾನ್ಸಿನ ಬೋರ್ಡೋ ಸೀಮೆಯದು; ಅದರ ಜನ್ಮವೃತ್ತಾಂತವೂ ಒಂದು ಸೋಲಿನ ಕಥೆಯೇ. ಅಲ್ಲಿಯ ದ್ರಾಕ್ಷಿತೋಟಗಳನ್ನು ಬೇರು ತಿನ್ನುವ ಕೀಟವೊಂದು ಹಾಳುಮಾಡಿದಾಗ, ಅದನ್ನು ತಾಳಿಕೊಳ್ಳುವ ಬಳ್ಳಿಗಳನ್ನು ಅಮೆರಿಕದಿಂದ ತರಿಸಿದರು. ಆ ಬಳ್ಳಿಗಳೊಡನೆ ಬೂಜುರೋಗವೂ ಬಂದಿತು. ಒಂದು ನಷ್ಟಕ್ಕೆ ಹುಡುಕಿದ ಪರಿಹಾರವೇ ಮತ್ತೊಂದು ನಷ್ಟದ ಬಾಗಿಲಾಯಿತು. ಹೀಗಿರಲು, ದಾರಿಯ ಪಕ್ಕದ ಹಣ್ಣನ್ನು ಕಳ್ಳರು ಮುಟ್ಟದಿರಲೆಂದು ಬೆಳೆಗಾರರು ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಬಳಿದಿದ್ದುದನ್ನೂ, ಆ ಬಳ್ಳಿಗಳು ಮಾತ್ರ ರೋಗವಿಲ್ಲದೆ ಹಸುರಾಗಿದ್ದುದನ್ನೂ ಮಿಲಾರ್ದೆ ಎಂಬ ಸಸ್ಯಶಾಸ್ತ್ರಜ್ಞನು 1882ರಲ್ಲಿ ಕಂಡು, ಪ್ರಯೋಗಗಳನ್ನು ಮಾಡಿ, 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದನು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ಮರವೇರಿ ಔಷಧ ಹೊಡೆಯುವ ನಮ್ಮ ಕೊನೆಗೌಡರ ಬಾಯಲ್ಲಿ ಇಂದಿಗೂ ಇರುವ ಶೇಕಡಾ 1ರ ಲೆಕ್ಕವಿದು.

ಈ ಔಷಧದ ಗುಣವೊಂದನ್ನು ಎಲ್ಲ ಬೆಳೆಗಾರರೂ ಬಲ್ಲರು. ಇದು ಬಂದ ರೋಗವನ್ನು ಗುಣಪಡಿಸುವುದಿಲ್ಲ; ಬರಲಿರುವುದಕ್ಕೆ ಕಾಯಿಯ ಮೈಮೇಲೆ ಒಂದು ತಡೆಯನ್ನು ಹೊದಿಸುತ್ತದೆ. ಆದುದರಿಂದಲೇ ಮೊದಲ ಸಿಂಪಡಣೆಯು ಮಳೆಗಾಲದ ಹೊಸ್ತಿಲಲ್ಲಿಯೇ ಆಗಬೇಕು, ಎರಡನೆಯದು ನಲವತ್ತು ನಲವತ್ತೈದು ದಿನಗಳ ತರುವಾಯ, ಮಳೆ ಬಿಡದಿದ್ದರೆ ಮೂರನೆಯದು. ಭಯಕ್ಕೆ ಹೆಸರಿಟ್ಟು, ಕಾರಣವನ್ನರಿತು, ದಿನ ಗೊತ್ತುಮಾಡಿಕೊಂಡ ಮೇಲೆ ಅದು ಭಯವಾಗಿ ಉಳಿಯದೆ ಪಂಚಾಂಗದಲ್ಲಿ ಗುರುತುಹಾಕಿದ ಒಂದು ಕೆಲಸವಾಗುತ್ತದೆ. ಇಷ್ಟೆಲ್ಲ ಮಾಡಿಯೂ ಕೆಲವು ವರ್ಷ ಕೊಳೆ ಬರುತ್ತದೆ; ಔಷಧ ಹೊಡೆಯಲು ಎರಡು ದಿನದ ಹೊಳವನ್ನೇ ಕೊಡದ ಮಳೆಯ ಮುಂದೆ ಯಾವ ಜಾಣ್ಮೆಯೂ ನಡೆಯದು. ಆಗ ಬೆಳೆಗಾರನು ಫಸಲಿನ ಲೆಕ್ಕವನ್ನು ಮಾಡಿಕೊಳ್ಳುತ್ತಾನಲ್ಲದೆ ತನ್ನ ಯೋಗ್ಯತೆಯ ಲೆಕ್ಕವನ್ನು ಮಾಡಿಕೊಳ್ಳುವುದಿಲ್ಲ. ಪರೀಕ್ಷೆಯಲ್ಲಿ ಸೋತ ಹುಡುಗನಾದರೋ ಮಾಡಿಕೊಳ್ಳುವುದು ಎರಡನೆಯ ಲೆಕ್ಕವನ್ನೇ.

ಜಗಲಿಯ ನಾಲ್ಕು ರಾಶಿ

ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಹತ್ತನೆಯ ಇಯತ್ತೆಯ ಫಲಿತಾಂಶವು ವೃತ್ತಪತ್ರಿಕೆಯಲ್ಲಿ ಸಂಖ್ಯೆಗಳ ಸಾಲುಸಾಲಾಗಿ ಅಚ್ಚಾಗುತ್ತಿದ್ದ ಕಾಲವದು. ನನ್ನ ಸಂಖ್ಯೆಯ ಹಿಂದಿನದೂ ಇತ್ತು, ಮುಂದಿನದೂ ಇತ್ತು, ನಡುವೆ ನಾನಿರಲಿಲ್ಲ. ಆ ಅಚ್ಚಿನ ಸಾಲಿನಲ್ಲಿ ಒಂದು ಕೂದಲೆಳೆಯಷ್ಟೂ ಜಾಗ ಬಿಟ್ಟಿರಲಿಲ್ಲವೆಂಬುದು ನನಗೆ ಆಗ ಎಲ್ಲಕ್ಕಿಂತ ಕ್ರೂರವಾಗಿ ತೋರಿತು. ಗಣಿತದಲ್ಲಿ ಡುಮ್ಕಿ ಹೊಡೆದವನಾಗಿ ಮೆತ್ತಿಯನ್ನೇರಿ ಅಡಗಿದೆನು. ಮೂರು ದಿನ ಊಟದ ಹೊತ್ತಿಗೆ ಮಾತ್ರ ಇಳಿದೆನು. ಕೇಳಿದವರಿಗೆಲ್ಲ ಆಯಿ, "ಮಾಣಿಯ ಫಲಿತಾಂಶ ತಡೆಹಿಡಿದಿದ್ದಾರಂತೆ" ಎಂದು ಹೇಳುತ್ತಿದ್ದಳು. ನನ್ನನ್ನು ಕಾಯಲೆಂದು ಆಕೆ ಆಡಿದ ಆ ಸುಳ್ಳು, ಮೆತ್ತಿಯ ಹಲಗೆಯ ಸಂದಿನಿಂದ ನನ್ನ ಕಿವಿಗೆ ಬಿದ್ದಾಗಲೆಲ್ಲ, ಸತ್ಯವು ಇನ್ನಷ್ಟು ಭಯಂಕರವಾದುದೇ ಇರಬೇಕೆಂದು ನನಗೆ ಖಚಿತವಾಗುತ್ತಿತ್ತು.

ನಾಲ್ಕನೆಯ ದಿನ ಅಪ್ಪ ಕೆಳಗಿನಿಂದ ಕೂಗಿದನು. ಮಳೆಗಾಲ ಹಿಡಿಯುವುದರೊಳಗೆ ಚಾಲಿ ಸುಲಿದು ಪೇಟೆಗೆ ಕಳುಹಿಸುವ ಅವಸರವಿತ್ತು. ಜಗಲಿಯಲ್ಲಿ ಮೆಟ್ಟುಗತ್ತಿಗಳ ಮುಂದೆ ಆಳುಗಳು ಕುಳಿತಿದ್ದರು. ಸುಲಿದುದನ್ನು ಆರಿಸುವ ಕೆಲಸ ನನ್ನದಾಯಿತು. ಬೆಳ್ಳಗೆ ದುಂಡಗೆ ಗಟ್ಟಿಯಾದುದು ಚಾಲಿ. ಅನಂತರದ್ದು ಬಿಳೆಗೋಟು, ಕೆಂಪುಗೋಟು. ಒಡೆದದ್ದು, ಕಪ್ಪಾದದ್ದು, ಹಗುರವಾದದ್ದು ಕೋಕಾ. ನಾನು ಮನಸ್ಸಿಲ್ಲದ ಮನಸ್ಸಿನಿಂದ ಕೋಕಾವನ್ನೆಲ್ಲ ಸಿಪ್ಪೆಯ ಕಡೆಗೆ ಎಸೆಯುತ್ತಿದ್ದುದನ್ನು ಅಪ್ಪ ಸ್ವಲ್ಪ ಹೊತ್ತು ನೋಡಿದನು. ಅನಂತರ ತಾನೇ ಎದ್ದು, ಸಿಪ್ಪೆಯೊಳಗಿನಿಂದ ಅವನ್ನು ಒಂದೊಂದಾಗಿ ಹೆಕ್ಕಿ, ನಾಲ್ಕನೆಯ ರಾಶಿಯಾಗಿ ಹಾಕಿ, "ಕೋಕಾಕ್ಕೂ ಒಂದು ದರ ಇದ್ದು ಮಾಣಿ" ಎಂದನು. ಪರೀಕ್ಷೆಯ ವಿಷಯವಾಗಿ ಆತನು ನನ್ನೊಡನೆ ಆಡಿದ್ದು ಇದೊಂದೇ ಮಾತು. ಅದು ಪರೀಕ್ಷೆಯ ವಿಷಯವಾಗಿತ್ತೇ ಎಂಬುದೂ ನನಗೆ ಇಂದಿಗೂ ನಿಶ್ಚಯವಿಲ್ಲ.

ಆದರೆ ಆ ಮಾತಿನ ನ್ಯಾಯವನ್ನು ಮುಂದಿನ ನಲವತ್ತು ವರ್ಷಗಳಲ್ಲಿ ಹಲವು ಸಲ ತೂಗಿ ನೋಡಿರುವೆನು. ಕೋಕಾ ಚಾಲಿಯಾಗುವುದೆಂದು ಅಪ್ಪ ಹೇಳಲಿಲ್ಲ. ಕೋಕಾ ಚಾಲಿಗಿಂತ ಮೇಲೆಂದೂ ಹೇಳಲಿಲ್ಲ. ಸೋಲೇ ಗೆಲುವಿನ ಸೋಪಾನವೆಂದು ಸಮಾರಂಭಗಳಲ್ಲಿ ಭಾಷಣ ಮಾಡುವವರು ಕೋಕಾಕ್ಕೆ ಸುಣ್ಣ ಬಳಿದು ಚಾಲಿಯೆಂದು ಮಾರುವ ವ್ಯಾಪಾರಿಗಳಂತೆ. ಸೋತವನನ್ನು ಮೆತ್ತಿಯಲ್ಲಿ ಅಡಗಿಸುವವರು ಕೋಕಾವನ್ನು ಸಿಪ್ಪೆಗೆ ಎಸೆಯುವ ಅವಿವೇಕಿಗಳಂತೆ. ಈ ಇಬ್ಬರೂ ತಕ್ಕಡಿಯನ್ನು ಬಲ್ಲವರಲ್ಲ. ಶಿರಸಿಯಲ್ಲಿ 1923ರಲ್ಲಿ ತೋಟಗಾರರು ಕೂಡಿ ತಮ್ಮದೇ ಮಾರಾಟ ಸಹಕಾರಿ ಸಂಘವನ್ನು, ಎಂದರೆ ಇಂದು ಎಲ್ಲರೂ ಟಿ.ಎಸ್.ಎಸ್. ಎಂದು ಕರೆಯುವ ಸಂಸ್ಥೆಯನ್ನು, ಕಟ್ಟಿಕೊಂಡುದರ ಅರ್ಥವೂ ಬೇರೆಯಲ್ಲ: ಒಬ್ಬೊಬ್ಬನೇ ವ್ಯಾಪಾರಿಯ ಬಾಗಿಲಿಗೆ ಹೋಗಿ ಅವನು ಹೇಳಿದ ಬೆಲೆಗೆ ತಲೆಬಾಗುವುದರ ಬದಲು, ಎಲ್ಲರ ಮಾಲೂ ಎಲ್ಲರ ಕಣ್ಣೆದುರಿಗೆ ಹರಡಿ, ಜಾತಿ ಜಾತಿಯಾಗಿ ವಿಂಗಡವಾಗಿ, ಒಂದೊಂದೂ ತನ್ನ ನಿಜವಾದ ದರವನ್ನು ಪಡೆಯಲೆಂಬುದು. ಇಂದಿಗೂ ಪತ್ರಿಕೆಯ ಅಡಿಕೆ ಧಾರಣೆಯ ಪಟ್ಟಿಯಲ್ಲಿ ಚಾಲಿ, ರಾಶಿ ಎಂಬ ಜಾತಿಗಳೊಡನೆ ಕೋಕಾವೂ ತನ್ನದೊಂದು ಸಾಲನ್ನು ಹಿಡಿದುಕೊಂಡು ನಿಂತಿರುತ್ತದೆ. ಚೀಲದಲ್ಲಿ ಮುಚ್ಚಿಟ್ಟ ಕೋಕಾ ಮಾತ್ರ ಬೆಲೆಯಿಲ್ಲದ್ದು. ಅಷ್ಟೇ ಅಲ್ಲ, ಅದರ ಶೀತವು ಮಗ್ಗುಲಿನ ಚಾಲಿಗೂ ತಟ್ಟುವುದು.

ಕೋಡಂಗಿಗೆ ಸಿಕ್ಕ ರಂಗಸ್ಥಳ

ಸೋಲುವುದಕ್ಕೆ ಒಂದು ಸ್ಥಳವಿರಬೇಕೆಂಬ ವಿವೇಕವು ನಮ್ಮ ಸೀಮೆಯ ಯಕ್ಷಗಾನದಲ್ಲಿ ಮೊದಲಿನಿಂದಲೂ ಇದ್ದಿತು. ಇಡೀ ರಾತ್ರಿಯ ಆಟದಲ್ಲಿ ಪ್ರಸಂಗವು ಆರಂಭವಾಗುವುದಕ್ಕೆ ಮೊದಲು ಪೂರ್ವರಂಗವೆಂಬುದೊಂದು ಉಂಟಷ್ಟೆ. ಜನರು ಇನ್ನೂ ಒಬ್ಬೊಬ್ಬರಾಗಿ ಬರುತ್ತ, ಚಾಪೆ ಹಾಸಿಕೊಳ್ಳುತ್ತ, ಕವಳ ಹಾಕುತ್ತ, ಮಕ್ಕಳನ್ನು ಮಲಗಿಸುತ್ತ ಇರುವ ಆ ಹೊತ್ತಿನಲ್ಲಿ ಕೋಡಂಗಿಗಳು ಕುಣಿಯುವರು, ಆಮೇಲೆ ಬಾಲಗೋಪಾಲರು, ಆಮೇಲೆ ಸ್ತ್ರೀವೇಷಗಳು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನ ಮೊದಲ ಗೆಜ್ಜೆ ಇಲ್ಲಿಯದು. ಹೆಜ್ಜೆ ತಪ್ಪಿದರೆ ನಗುವವರು ಹತ್ತು ಜನ. ನಕ್ಕರೂ ತಪ್ಪೇನು, ಕೋಡಂಗಿಯೆಂದರೆ ನಗುವುದಕ್ಕಾಗಿಯೇ ಇರುವವನು. ತಾಳ ತಪ್ಪಿದ ಹುಡುಗನು ಹಾಸ್ಯದ ವೇಷದ ಮರೆಯಲ್ಲಿ ತಾಳವನ್ನು ಹಿಡಿಯುವುದನ್ನು ಕಲಿಯುತ್ತಿದ್ದನು. ಭಾಗವತರ ಕಣ್ಣು ಮಾತ್ರ ಅವನ ಮೇಲಿರುತ್ತಿತ್ತು. ಒಂದು ತಿರುಗಾಟ ಕೋಡಂಗಿ, ಮುಂದಿನದು ಬಾಲಗೋಪಾಲ, ಅನಂತರ ಪ್ರಸಂಗದೊಳಗಿನ ಸಣ್ಣ ವೇಷ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ, ಬೆಳಗಿನ ಜಾವದ ಎದುರುವೇಷದಂತಹ ಮುಖ್ಯ ಪಾತ್ರದವರೆಗೆ ದಾರಿಯಿತ್ತು.

ಎರಡನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದು ಮೇಳದ ದಾರಿ ಹಿಡಿದ ಹುಡುಗನೊಬ್ಬನು ಚಿಟ್ಟಾಣಿ ರಾಮಚಂದ್ರ ಹೆಗಡೆಯೆಂದು ನಾಡಿಗೆಲ್ಲ ಪರಿಚಿತನಾಗಿ, 2012ರಲ್ಲಿ ಪದ್ಮಶ್ರೀಯನ್ನು ಪಡೆದುದು ಎಲ್ಲರಿಗೂ ತಿಳಿದುದೇ. ಶಾಲೆಯೊಂದೇ ದಾರಿಯಾಗಿರದ ಕಾಲದಲ್ಲಿ ಆತನಿಗೆ ಇನ್ನೊಂದು ದಾರಿ ತೆರೆದಿತ್ತೆಂಬುದಕ್ಕಾಗಿ ಮಾತ್ರ ಇದನ್ನು ಹೇಳಿದೆನು. ಶಾಲೆ ಬಿಟ್ಟವರೆಲ್ಲ ಆತನಂತೆ ಭಸ್ಮಾಸುರನಾಗಿ ಕುಣಿಯಬಲ್ಲರೆಂದು ಯಾರೂ ತಿಳಿಯಬಾರದು.

ಈಗ ಆಟವು ಕಾಲಮಿತಿಗೆ ಇಳಿದಿದೆ. ಸಂಜೆ ಆರಂಭವಾಗಿ ಮೂರು ನಾಲ್ಕು ಗಂಟೆಗಳಲ್ಲಿ ಮುಗಿಯಬೇಕಾದ ಪ್ರದರ್ಶನದಲ್ಲಿ ಮೊದಲು ಕತ್ತರಿ ಬಿದ್ದುದು ಪೂರ್ವರಂಗಕ್ಕೆ. ಪ್ರೇಕ್ಷಕನಿಗೆ ಅದರಿಂದ ಹೆಚ್ಚಿನ ನಷ್ಟವಿಲ್ಲದಿರಬಹುದು. ಕೋಡಂಗಿಯಾಗಬೇಕಾಗಿದ್ದ ಹುಡುಗನಿಗೆ ಮಾತ್ರ ತಪ್ಪು ಹೆಜ್ಜೆ ಹಾಕುವುದಕ್ಕೆ ರಂಗಸ್ಥಳವಿಲ್ಲದೆ ಹೋಯಿತು. ನಮ್ಮ ಮಕ್ಕಳ ವಿದ್ಯಾಭ್ಯಾಸಕ್ಕೂ ಇದೇ ಆಗಿದೆಯೆಂದು ನನ್ನ ಅನಿಸಿಕೆ. ಶಿರಸಿಯು ಶೈಕ್ಷಣಿಕವಾಗಿ ತನ್ನದೇ ಒಂದು ಜಿಲ್ಲೆ. ಫಲಿತಾಂಶ ಬಂದ ದಿನ ರಾಜ್ಯದಲ್ಲಿ ಅದಕ್ಕೆ ಎಷ್ಟನೆಯ ಸ್ಥಾನವೆಂಬುದು ಸೊಪ್ಪಿನ ಬೆಟ್ಟದ ಅಂಚಿನ ಮನೆಯಲ್ಲಿಯೂ ಚರ್ಚೆಗೆ ಬರುತ್ತದೆ. ಈ ಅಭಿಮಾನ ತಪ್ಪಲ್ಲ. ಆದರೆ ಮೊದಲ ಗೆಜ್ಜೆಯಲ್ಲಿಯೇ ಎದುರುವೇಷವನ್ನು ಕುಣಿದು ತೋರಿಸಬೇಕಾದ ಮಗುವಿನ ಎದೆಯಲ್ಲಿ ಚಂಡೆಯ ಪೆಟ್ಟು ಹೇಗೆ ಬೀಳುತ್ತಿರಬಹುದೆಂದು ನಾವು ಊಹಿಸಬೇಕು. 2024ರಲ್ಲಿ ನಮ್ಮ ರಾಜ್ಯದಲ್ಲಿ ಹತ್ತನೆಯ ತರಗತಿಗೆ ಒಂದೇ ವರ್ಷದಲ್ಲಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂಬ ಮೂರು ಅವಕಾಶಗಳನ್ನು ಏರ್ಪಡಿಸಿ, ಪೂರಕ ಪರೀಕ್ಷೆಯೆಂಬ ಹಳೆಯ ಹೆಸರನ್ನೇ ಕೈಬಿಟ್ಟರು. ಹೆಸರಿನ ಬದಲಾವಣೆಯಿಂದ ಏನಾಗುವುದೆಂದು ನಗುವವರುಂಟು. ತಡೆಹಿಡಿದಿದ್ದಾರೆಂದು ನನ್ನ ಆಯಿ ಹೇಳಬೇಕಾಗಿ ಬಂದುದು ಆ ಹೆಸರಿನ ಕಾರಣದಿಂದಲೇ ಆದುದರಿಂದ ನಾನು ನಗಲಾರೆನು.

ಮಯೂರನ ಕಥೆ ಹೇಳುವವರಿಗೆ

ಶಿರಸಿಯ ಸೀಮೆಯಲ್ಲಿ ಸೋತವನಿಗೆ ಧೈರ್ಯ ಹೇಳಬೇಕಾದಾಗ ಬನವಾಸಿಯ ಮಯೂರಶರ್ಮನು ನೆನಪಾಗದೆ ಇರುವುದು ಕಷ್ಟ. ತಾಳಗುಂದದ ಸ್ತಂಭಶಾಸನವು ಹೇಳುವಂತೆ, ಗುರುವಾದ ವೀರಶರ್ಮನೊಡನೆ ಆತನು ವಿದ್ಯಾರ್ಥಿಯಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ, ಅವಮಾನಿತನಾಗಿ, ದರ್ಭೆಯನ್ನು ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದನು. ಶ್ರೀಪರ್ವತದ ಅರಣ್ಯವನ್ನು ಸೇರಿ, ಕಡೆಗೆ ಕದಂಬರ ರಾಜ್ಯವನ್ನು ಸ್ಥಾಪಿಸಿದನು. ನಾಲ್ಕನೆಯ ಶತಮಾನದ ಈ ವೃತ್ತಾಂತವು ನಮ್ಮ ಹೆಮ್ಮೆಯಾಗಿರುವುದು ಯುಕ್ತವೇ.

ಆದರೆ ಸೋತ ಹುಡುಗನ ಮುಂದೆ ಈ ಕಥೆಯನ್ನು ಹೇಳುವಾಗ ನಾವು ಅರಿಯದೆ ಒಂದು ಕರಾರನ್ನೂ ಹೇಳುತ್ತಿರುತ್ತೇವೆ: ನಿನ್ನ ಸೋಲನ್ನು ಕ್ಷಮಿಸುವೆವು, ನೀನು ಮುಂದೆ ಒಂದು ರಾಜ್ಯವನ್ನು ಕಟ್ಟಿದರೆ ಮಾತ್ರ. ಘಟಿಕಾಸ್ಥಾನದಿಂದ ಹೊರಬಿದ್ದವನು ಮಯೂರನೊಬ್ಬನೇ ಆಗಿರಲಾರನು. ಓದು ಮುಗಿಸದೆ ಊರಿಗೆ ಮರಳಿ, ಗದ್ದೆ ಉತ್ತು, ಮಕ್ಕಳನ್ನು ಸಾಕಿ, ನೆರೆಯವರ ಕಷ್ಟಕ್ಕೆ ಒದಗಿ, ಯಾವ ಶಾಸನಕ್ಕೂ ಏರದೆ ಕಣ್ಮುಚ್ಚಿದವರು ಎಷ್ಟೋ ಇದ್ದಿರಬೇಕು. ಅವರಿಗೆ ಸ್ತಂಭವಿಲ್ಲ. ನಮ್ಮಲ್ಲಿ ಬಹುತೇಕರ ಜೀವನವು ಆ ಸ್ತಂಭವಿಲ್ಲದವರ ಜೀವನವೇ. ಕಳೆದುಕೊಂಡುದನ್ನು ಮುಂದೊಂದು ದಿನ ಬಡ್ಡಿಸಹಿತ ಪಡೆಯುವೆನೆಂಬ ನಂಬಿಕೆಯಿಂದ ಸೋಲನ್ನು ಸಹಿಸುವುದು ಸಹನೆಯಲ್ಲ, ಸಾಲ ಕೊಡುವವನ ಲೆಕ್ಕ. ಗಣಿತವನ್ನು ಎರಡನೆಯ ಸಲಕ್ಕೆ ಪಾಸು ಮಾಡಿದ ನಾನು ಗಣಿತಜ್ಞನಾಗಲಿಲ್ಲ, ಪಾಸಾದೆನು, ಅಷ್ಟೆ. ಕೋಕಾದ ದರ ಕೋಕಾದ್ದೇ. ಅದರಿಂದಲೂ ಆ ತಿಂಗಳ ದಿನಸಿ ಬಂದಿತು.

ಹಂಚಿಕೊಂಡ ನಷ್ಟ

ಈ ಸೀಮೆಯು ತಾನಾಗಿಯೇ ನಷ್ಟವನ್ನು ವರಿಸಿಕೊಂಡ ಕಾಲವೊಂದಿತ್ತು. ಕಾನೂನುಭಂಗ ಚಳುವಳಿಯ ದಿನಗಳಲ್ಲಿ, ಅಂಕೋಲೆ ಮತ್ತು ಸಿದ್ದಾಪುರದ ರೈತರು ಸರ್ಕಾರಕ್ಕೆ ಭೂಕಂದಾಯವನ್ನು ಕೊಡೆವೆಂದು ನಿಂತರು. ಕರನಿರಾಕರಣೆಯ ಪರಿಣಾಮವನ್ನು ಅವರು ಅರಿಯದವರಲ್ಲ. ಮನೆಯ ಪಾತ್ರೆಪಡಗಗಳೂ ದನಕರುಗಳೂ ಜಪ್ತಿಯಾದವು. ತಲೆಮಾರುಗಳಿಂದ ಮಣ್ಣು ಸೊಪ್ಪು ಹಾಕಿ ಬೆಳೆಸಿದ ತೋಟಗಳು ಹರಾಜಾದವು. ಗಂಡಸರು ಸೆರೆಮನೆಯನ್ನು ಸೇರಿದರು. ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ, ಜಪ್ತಿಯಾದ ಸೊತ್ತನ್ನು ಕೊಂಡವರ ಮನೆಯ ಬಾಗಿಲಿನಲ್ಲಿ, ಹೊಸ್ತಿಲು ದಾಟುವುದಕ್ಕೂ ಹಿಂದುಮುಂದು ನೋಡುತ್ತಿದ್ದ ಕಾಲದ ಹೆಂಗಸರು 1932ರಲ್ಲಿ ಉಪವಾಸ ಕುಳಿತರು. ಅವರ ನೆನಪಿಗೆ ಅಲ್ಲಿ ಸ್ಮಾರಕವಿದೆ. ಜೋಗಕ್ಕೆ ಹೋಗುವ ವಾಹನಗಳು ಅದರ ಮುಂದೆಯೇ ಸಾಗುತ್ತವೆ.

ಆ ವರ್ಷದ ಲೆಕ್ಕಪುಸ್ತಕವನ್ನು ತೆರೆದು ನೋಡುವವನಿಗೆ ಅದು ಪೂರ್ಣವಾದ ಸೋಲು: ಭೂಮಿ ಹೋಗಿದೆ, ಫಸಲು ಹೋಗಿದೆ, ಸ್ವರಾಜ್ಯ ಬಂದಿಲ್ಲ. 1937ರ ಚುನಾವಣೆಯ ತರುವಾಯ ಮುಂಬಯಿ ಪ್ರಾಂತದಲ್ಲಿ ಜನಪ್ರತಿನಿಧಿಗಳ ಸರ್ಕಾರವು ಬಂದ ಮೇಲೆ ಜಪ್ತಿಯಾದ ಭೂಮಿಯನ್ನು ಹಿಂದಿರುಗಿಸುವ ಕಾರ್ಯ ನಡೆಯಿತೆಂಬುದು ನಿಜ. ಆದರೆ 1932ರಲ್ಲಿ ಒಲೆಯ ಮುಂದೆ ಕುಳಿತ ತಾಯಿಗೆ 1937 ಎಂಬ ವರ್ಷವೊಂದಿರುವುದು ತಿಳಿದಿರಲಿಲ್ಲ. ಆಕೆ ಆ ದಿನಗಳನ್ನು ಕಳೆದುದು ಮುಂದಿನ ಗೆಲುವಿನ ಭರವಸೆಯ ಬಲದಿಂದ ಮಾತ್ರವೇ ಎಂದು ನನಗೆ ತೋರುವುದಿಲ್ಲ. ಪಕ್ಕದ ಮನೆಯಲ್ಲಿಯೂ ಅದೇ ಬರಿದಾದ ಅಟ್ಟವಿತ್ತು. ನಷ್ಟದಲ್ಲಿ ಒಂಟಿಯಾಗಿ ನಿಲ್ಲಬೇಕಾದ ಅವಮಾನವೊಂದು ಅವಳ ಪಾಲಿಗೆ ಬರಲಿಲ್ಲ. ಹಸಿವು ಹಂಚಿಕೊಂಡುದರಿಂದ ಕಡಿಮೆಯಾಗಲಾರದು, ನಾಚಿಕೆ ಮಾತ್ರ ಹಂಚಿಕೊಂಡಷ್ಟೂ ಕರಗುವುದು.

ಮರವೇ ಸೊರಗಿದಾಗ

ಇಷ್ಟನ್ನು ಹೇಳಿದ ಮೇಲೆ ಒಂದು ಕಹಿಯನ್ನೂ ಹೇಳಬೇಕು. ಕೊಳೆಯಲ್ಲಿ ಕಾಯಿ ಹೋದರೂ ಮರ ಉಳಿಯುವುದೇ ಹೆಚ್ಚು. ಮುಂದಿನ ಸಿಂಗಾರವು ಮುಂದಿನ ವರ್ಷ ಬಂದೇ ಬರುವುದೆಂಬ ಸಮಾಧಾನವು ಬೆಳೆಗಾರನಿಗುಂಟು. ಆದರೆ ಈಚಿನ ವರ್ಷಗಳಲ್ಲಿ ಮಲೆನಾಡಿನುದ್ದಕ್ಕೂ ಹಬ್ಬುತ್ತಿರುವ ಎಲೆಚುಕ್ಕೆ ರೋಗವು ಸೋಗೆಯನ್ನೇ ಸುಡುತ್ತದೆ. ಹಳದಿ ಎಲೆಯ ರೋಗವು ಹೊಕ್ಕ ತೋಟದಲ್ಲಿ ಮರವೇ ವರ್ಷವರ್ಷಕ್ಕೆ ಸೊರಗುತ್ತದೆ. ಹಳದಿ ಎಲೆಯ ರೋಗಕ್ಕೆ, ಕೊಳೆಗೆ ಬೋರ್ಡೋ ದ್ರಾವಣ ಸಿಕ್ಕಂತೆ ನೆಚ್ಚಬಹುದಾದ ಮದ್ದು ಇನ್ನೂ ಸಿಕ್ಕಿಲ್ಲ. ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷ ಬೇಕಾಗುವ ಬೆಳೆಯಲ್ಲಿ, ಅರವತ್ತು ದಾಟಿದ ಬೆಳೆಗಾರನಿಗೆ ಮತ್ತೆ ನೆಡೆಂದು ಹೇಳುವುದು ಸುಲಭವಲ್ಲ.

ಮನುಷ್ಯರಲ್ಲಿಯೂ ಹೀಗೆಯೇ. ಕೆಲವು ಪೆಟ್ಟುಗಳು ಫಸಲಿಗೆ ಬೀಳುವವು, ಕೆಲವು ಮರಕ್ಕೇ ಬೀಳುವವು. ರಾತ್ರಿ ನಿದ್ರೆಯಿಲ್ಲದೆ, ಹಗಲು ಮಾತಿಲ್ಲದೆ, ತಾನಿದ್ದು ಯಾರಿಗೇನು ಎಂಬ ಮಾತು ಬಾಯಿಗೆ ಬರತೊಡಗಿದವನಿಗೆ ಮಯೂರನ ಕಥೆಯೂ ಬೇಡ, ನನ್ನ ಅಪ್ಪನ ಮಾತೂ ಸಾಲದು. ಅವನಿಗೆ ವೈದ್ಯರು ಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಎಲೆ ಹಳದಿಯಾದಾಗ ತೋಟಗಾರಿಕೆ ಇಲಾಖೆಯವರನ್ನು ಕರೆದು ತೋರಿಸಲು ನಾಚದ ನಾವು, ಮಗನ ಮುಖ ಬಾಡಿದಾಗ ಡಾಕ್ಟರಿಗೆ ತೋರಿಸಲು ನಾಚುವುದರಲ್ಲಿ ಯಾವ ವಿವೇಕವೂ ಇಲ್ಲ.

ಕಳೆದ ಮೇ ತಿಂಗಳ ಕೊನೆಯಲ್ಲಿ, ಹತ್ತನೆಯ ತರಗತಿಯ ಫಲಿತಾಂಶ ಬಂದು ಕೆಲವು ದಿನಗಳಾಗಿದ್ದಾಗ, ಪರಿಚಯದವರೊಬ್ಬರ ತೋಟದಲ್ಲಿ ಮೊದಲ ಸಿಂಪಡಣೆಗೆ ಔಷಧ ಕಲಸುವುದನ್ನು ನೋಡುತ್ತ ನಿಂತಿದ್ದೆನು. ಒಂದು ಡ್ರಮ್ಮಿನಲ್ಲಿ ಮೈಲುತುತ್ತದ ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ತಿಳಿ. ಎರಡನ್ನೂ ಮೂರನೆಯದಕ್ಕೆ ಹೊಯ್ದು ಕೋಲಿನಿಂದ ತಿರುವುತ್ತಿದ್ದ ಕೊನೆಗೌಡನು ಸೊಂಟದ ಕೊಕ್ಕೆಯಿಂದ ಕತ್ತಿಯನ್ನು ತೆಗೆದು ಅದರ ಅಲಗನ್ನು ದ್ರಾವಣದಲ್ಲಿ ಅದ್ದಿದನು. ಅಲಗಿನ ಮೇಲೆ ಕೆಂಪು ಬಣ್ಣ ಹತ್ತಿದರೆ ತುತ್ತ ಹೆಚ್ಚಾಯಿತೆಂದು ಅರ್ಥ. ಅಂತಹ ಔಷಧವು ಎಳೆಗಾಯನ್ನು ಕಾಯುವುದರ ಬದಲು ಸುಟ್ಟೀತು. ಹಾಗೆಂದು ತುತ್ತವನ್ನು ಚೆಲ್ಲುವಂತಿಲ್ಲ, ಕಾಯುವ ಗುಣ ಇರುವುದು ಅದರಲ್ಲಿಯೇ. ಅಲಗು ಕೆಂಪಗಾಗಿತ್ತು. ಆತನು ಇನ್ನೊಂದಿಷ್ಟು ಸುಣ್ಣದ ತಿಳಿ ಹೊಯ್ದು, ತಿರುವಿ, ಮತ್ತೆ ಅದ್ದಿದನು.

ಡ್ರಮ್ಮಿಗೆ ನೀರು ಎತ್ತಿಕೊಡುತ್ತಿದ್ದವನು ಆ ಮನೆಯ ಹುಡುಗ. ನಾನು ಸ್ವಲ್ಪ ಹಿಂಜರಿದು, "ಪರೀಕ್ಷೆ ಎಂತಾತು ಮಾಣಿ?" ಎಂದೆನು. ಆತನು ಕೊಡವನ್ನು ಕೆಳಗಿಟ್ಟು, "ಎರಡು ವಿಷಯ ಹೋತು. ಪರೀಕ್ಷೆ-2ಕ್ಕೆ ಕಟ್ಟಿದ್ದೆ" ಎಂದನು. ಅವನ ತಂದೆ ಅಲ್ಲಿಯೇ ಇದ್ದರು, ಮುಖ ತಿರುಗಿಸಲಿಲ್ಲ. ಕೊನೆಗೌಡನು ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದನು. ಈ ಸಲ ಅಲಗು ಬೆಳ್ಳಗೇ ಇತ್ತು. "ಹದ ಬಂತು" ಎಂದು ಹೇಳಿ, ಕಾಲಿಗೆ ಬಳೆ ಹಾಕಿಕೊಂಡು ಮರ ಹತ್ತತೊಡಗಿದನು.